ಅಳೆದ ಮೇಲೆ ಆರಿಸುವ ಡೈ

ರೈಫಲ್ ಶೂಟಿಂಗ್‌ನಲ್ಲಿ ಗುರಿ ತಪ್ಪಿದರೆ ಮೊದಲ ಅನುಮಾನ ಕೈಯ ಮೇಲೆ, ಆಮೇಲಿನದು ಕೋವಿಯ ಮೇಲೆ. ಕಾಡತೂಸಿನ ಸರದಿ ಬರುವುದು ಕಟ್ಟಕಡೆಗೆ. ಬಂದಾಗಲೂ ಜನ ಕೇಳುವುದು ಒಂದೇ ಪ್ರಶ್ನೆ: ಯಾವ ಕಂಪನಿಯದು ಒಳ್ಳೆಯದು? ಹಾರಿಸಿದ ಕಾಡತೂಸಿನ ಹಿತ್ತಾಳೆ ಕೇಸನ್ನು ಸರಿಪಡಿಸಿ ಮತ್ತೆ ತುಂಬಿ ಬಳಸುವ ರೂಢಿ ಇರುವ ದೇಶಗಳಲ್ಲಿ ಈ ಪ್ರಶ್ನೆಯ ಜೋರು ಇನ್ನೂ ಹೆಚ್ಚು. ಅಲ್ಲಿ ಕೇಸನ್ನು ಹಳೆಯ ಆಕಾರಕ್ಕೆ ತರುವ ಡೈಗಳದೇ ಒಂದು ದೊಡ್ಡ ವ್ಯಾಪಾರ. ಸಾಧಾರಣ ಡೈಗೂ ಸ್ಪರ್ಧೆಯ ದರ್ಜೆಯದೆಂದು ಮಾರುವ ಡೈಗೂ ಬೆಲೆಯಲ್ಲಿ ಹಲವು ಪಟ್ಟು ಅಂತರ. ಆದರೆ ನಿಖರ ಕಾಡತೂಸಿಗೆ ಬೇಕಾದ ಡೈ ಯಾವುದೆಂದು ಬೆಲೆಯೂ ಹೇಳುವುದಿಲ್ಲ, ಹೆಸರೂ ಹೇಳುವುದಿಲ್ಲ. ಹಿತ್ತಾಳೆಯನ್ನು ಬೇಕಾದಷ್ಟು ಮಾತ್ರ ಅಲುಗಿಸಿ, ಪ್ರತಿ ಸಲವೂ ಅಷ್ಟೇ ಅಲುಗಿಸುವುದು ಒಳ್ಳೆಯ ಡೈ. ಎಷ್ಟು ಬೇಕು ಎಂಬುದನ್ನು ಹೇಳುವುದು ಅಳತೆ. ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿಯ ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ವಸಾಹತು, ನವಿ ಮುಂಬಯಿಯ ಥಾಣೆ-ಬೇಲಾಪುರ ಪಟ್ಟಿಗಳಲ್ಲಿ ಪ್ರೆಸ್ ಟೂಲ್ ಕೆಲಸ ಮಾಡಿದವರಿಗೆ ಇದು ಹೊಸ ಮಾತಲ್ಲ. ಕೋವಿಯನ್ನು ಎಂದೂ ಮುಟ್ಟದ ಅವರ ಕಸುಬಿನ ತರ್ಕ, ಶೂಟಿಂಗ್ ಸಲಕರಣೆಯ ಜಾಹೀರಾತಿಗಿಂತ ಈ ವಿಷಯದಲ್ಲಿ ಹೆಚ್ಚು ನಂಬಲರ್ಹ.

ಕಾಡತೂಸು ಸಿಡಿದಾಗ ಆಗುವುದೇನು ಎಂಬಲ್ಲಿಂದಲೇ ಶುರು ಮಾಡಬೇಕು. ಉದಾಹರಣೆಗೆ 1952ರಲ್ಲಿ ಮಾರುಕಟ್ಟೆಗೆ ಬಂದ .308 ವಿಂಚೆಸ್ಟರ್ ತೆಗೆದುಕೊಳ್ಳೋಣ. ಸೇನೆಗಳು ಬಳಸುವ 7.62×51 ಮಿ.ಮೀ. ಕಾಡತೂಸಿನ ಒಡಹುಟ್ಟು ಇದು. ಇದರ ಕೇಸಿನ ಗರಿಷ್ಠ ಉದ್ದ 51.18 ಮಿ.ಮೀ. ಬುಡ ದಪ್ಪ, ಮೇಲೆ ಹೋದಂತೆ ಮೈ ಸ್ವಲ್ಪ ಸಪೂರ, ಆಮೇಲೆ ಇಳಿಜಾರಾದ ಭುಜ, ಅದರ ಮೇಲೆ ಗುಂಡನ್ನು ಹಿಡಿದುಕೊಳ್ಳುವ ಕುತ್ತಿಗೆ. ಮದ್ದು ಉರಿದಾಗ ಹುಟ್ಟುವ ಒತ್ತಡಕ್ಕೆ ಕೇಸು ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಒಂದಿಷ್ಟು ಕುಗ್ಗುತ್ತದೆ, ಆದರೆ ಪೂರ್ತಿ ಹಳೆಯ ಅಳತೆಗೆ ಬರುವುದಿಲ್ಲ. ಹೀಗಾಗಿ ಹಾರಿಸಿದ ಕೇಸು ಎಂದರೆ ಆ ಒಂದು ರೈಫಲ್ಲಿನ ಚೇಂಬರಿನ ಅಚ್ಚು. ಅದನ್ನು ಮತ್ತೆ ಅದೇ ಚೇಂಬರಿಗೆ ಸಲೀಸಾಗಿ ಹೋಗುವಂತೆ ಮಾಡುವುದು ಸೈಜಿಂಗ್ ಡೈಯ ಕೆಲಸ. ಹೊರಮೈಯಲ್ಲಿ ಇಂಚಿನ ಎಂಟನೇ ಏಳು ಭಾಗದ ವ್ಯಾಸ, ಇಂಚಿಗೆ 14 ಸುತ್ತಿನ ಥ್ರೆಡ್ಡು, ಒಳಗೆ ಕೇಸಿನ ಆಕಾರದ ಗುಳಿ; ಪ್ರೆಸ್ಸಿಗೆ ತಿರುಗಿಸಿ ಕೂರಿಸಿ, ಎಣ್ಣೆ ಸವರಿದ ಕೇಸನ್ನು ಕೆಳಗಿನಿಂದ ಒಳಕ್ಕೆ ಒತ್ತುತ್ತಾರೆ. ಎಣ್ಣೆ ಕಡಿಮೆಯಾದರೆ ಕೇಸು ಡೈಯೊಳಗೇ ಕಚ್ಚಿಕೊಳ್ಳುತ್ತದೆ, ಜಾಸ್ತಿಯಾದರೆ ಭುಜದಲ್ಲಿ ಗುಂಡಿ ಬೀಳುತ್ತದೆ.

ಮೊದಲ ತಪ್ಪು ಆಗುವುದು ಈ ಒತ್ತುವಲ್ಲಿ. ಮಾರುಕಟ್ಟೆಯ ಡೈ ಯಾವುದೋ ಒಂದು ರೈಫಲ್ಲಿಗಾಗಿ ಮಾಡಿದ್ದಲ್ಲ. ಆ ಅಳತೆಯ ಎಲ್ಲ ರೈಫಲ್ಲುಗಳಿಗೂ ಹೊಂದುವ ಕೇಸು ಬರಬೇಕು ಎಂಬ ಲೆಕ್ಕದಲ್ಲಿ ಮಾಡಿದ್ದು. ಅದನ್ನು ಪ್ರೆಸ್ಸಿನ ಕೆಳಗಿನ ಹೋಲ್ಡರಿಗೆ ತಾಗುವವರೆಗೆ ಇಳಿಸಿ ಬಿಗಿದರೆ, ಭುಜ ಬೇಕಾದದ್ದಕ್ಕಿಂತ ಹೆಚ್ಚು ಹಿಂದಕ್ಕೆ ಸರಿಯಬಹುದು. ಬೋಲ್ಟ್ ಇರುವ ರೈಫಲ್ಲಿಗೆ ಸಾಮಾನ್ಯವಾಗಿ ಸಾಕಾಗುವುದು ಒಂದೆರಡು ಥೌ (ಒಂದು ಥೌ ಇಂಚಿನ ಸಾವಿರದಲ್ಲಿ ಒಂದು ಭಾಗ), ಅಂದರೆ 0.025ರಿಂದ 0.05 ಮಿ.ಮೀ. ದಿನಪತ್ರಿಕೆಯ ಹಾಳೆಗಿಂತ ತೆಳುವಾದ ಅಂತರ ಅದು. ಅಷ್ಟಕ್ಕೆ ನಿಲ್ಲಿಸದೆ ಆರೇಳು ಥೌ ಹಿಂದಕ್ಕೆ ತಳ್ಳಿದರೆ, ಮುಂದಿನ ಸಲ ಸಿಡಿದಾಗ ಕೇಸು ಅಷ್ಟೂ ಉದ್ದ ಹಿಗ್ಗಬೇಕು. ಹಿಗ್ಗುವ ಲೋಹ ಬರುವುದು ಬುಡದ ಸ್ವಲ್ಪ ಮೇಲಿನ ಗೋಡೆಯಿಂದ. ಹಿಗ್ಗುವುದು, ತಳ್ಳುವುದು, ಮತ್ತೆ ಹಿಗ್ಗುವುದು ನಡೆದಂತೆಲ್ಲ ಅಲ್ಲಿ ಗೋಡೆ ತೆಳುವಾಗುತ್ತದೆ. ಹೊರಗೆ ಒಂದು ಹೊಳಪಿನ ಉಂಗುರ ಕಾಣಿಸಿಕೊಳ್ಳುತ್ತದೆ. ಕೊನೆಗೆ ಕೇಸು ಅಲ್ಲೇ ತುಂಡಾಗುತ್ತದೆ. ಇದು ನಿಖರತೆಯ ಮಾತು ಮಾತ್ರವಲ್ಲ, ಹಾರಿಸುವವರ ಕಣ್ಣಿನ, ಕೈಯ ಸುರಕ್ಷತೆಯ ಮಾತು. ತಡೆಯುವ ದಾರಿ ದುಬಾರಿ ಡೈಯಲ್ಲಿ ಇಲ್ಲ. ಬುಡದಿಂದ ಭುಜದವರೆಗಿನ ಉದ್ದವನ್ನು ಒತ್ತುವ ಮುಂಚೆ ಒಮ್ಮೆ, ಒತ್ತಿದ ಮೇಲೆ ಒಮ್ಮೆ ವರ್ನಿಯರ್‌ಗೆ ಸಿಕ್ಕಿಸುವ ಸಣ್ಣ ಗೇಜಿನಿಂದ ನೋಡಿ, ಡೈಯನ್ನು ಅದಕ್ಕೆ ತಕ್ಕಂತೆ ಇಳಿಸಬೇಕು. ಅಳೆದು ಕೂರಿಸಿದ ಸಾದಾ ಡೈ, ಅಳೆಯದೆ ಕೂರಿಸಿದ ಮೇಲ್ದರ್ಜೆಯ ಡೈಗಿಂತ ಒಳ್ಳೆಯ ಕೇಸು ಕೊಡುತ್ತದೆ.

ಹಾಗಿದ್ದರೆ ಮೈಯನ್ನು ಮುಟ್ಟುವುದೇ ಬೇಡ, ಕುತ್ತಿಗೆಯನ್ನಷ್ಟೇ ಬಿಗಿ ಮಾಡಿದರೆ ಸಾಲದೆ ಎಂದು ವಾದಿಸುವವರಿದ್ದಾರೆ. ಕೇಸು ಆಗಲೇ ಚೇಂಬರಿನ ಅಚ್ಚಿಗೆ ಬಂದಿದೆ, ಅದನ್ನೇಕೆ ಕೆಡಿಸಬೇಕು ಎಂಬುದು ಅವರ ತರ್ಕ. ಕಡಿಮೆ ಅಲುಗಿಸಬೇಕು ಎನ್ನುವ ನನ್ನ ವಾದದ ಕಟ್ಟಾ ರೂಪವೇ ಇದು ಎನ್ನಿಸುವಷ್ಟು ಅದು ಹತ್ತಿರದ್ದು, ಆದ್ದರಿಂದ ಉತ್ತರ ಕೊಡಲೇಬೇಕು. ಕುತ್ತಿಗೆ ಮಾತ್ರ ಸರಿಪಡಿಸಿದ ಕೇಸು ಪ್ರತಿ ಸಲ ಸಿಡಿದಾಗಲೂ ಇನ್ನಷ್ಟು ಉಬ್ಬಿಕೊಳ್ಳುತ್ತ ಹೋಗುತ್ತದೆ. ಎರಡನೆಯ ಸಲ ಸಲೀಸಾಗಿ ಮುಚ್ಚುತ್ತಿದ್ದ ಬೋಲ್ಟು ನಾಲ್ಕನೆಯದರ ಹೊತ್ತಿಗೆ ಬಿಗಿಯಾಗುತ್ತದೆ, ಆಮೇಲೆ ಬಲ ಹಾಕಿ ಮುಚ್ಚಬೇಕಾಗುತ್ತದೆ, ಕೊನೆಗೆ ಮೈಯನ್ನು ಒತ್ತದೆ ಗತ್ಯಂತರವಿಲ್ಲ. ಅಂದರೆ ಈ ಕ್ರಮದಲ್ಲಿ ಯಾವ ಎರಡು ಸಲವೂ ಕೇಸು ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ನಿಖರತೆಯ ಪ್ರಾಣ ಇರುವುದು ಸಮಾನತೆಯಲ್ಲಿ. ಕಡಿಮೆ ಅಲುಗಿಸುವುದು ಅದಕ್ಕೊಂದು ಸಾಧನ ಅಷ್ಟೇ. ಪ್ರತಿ ಸಲ ಮೈಯನ್ನೂ ಭುಜವನ್ನೂ ಅಳೆದಷ್ಟು ಮಾತ್ರ ಒತ್ತಿದರೆ ಹತ್ತನೆಯ ಸಲವೂ ಎರಡನೆಯ ಸಲದಂತೆಯೇ ಇರುತ್ತದೆ. ಗುರಿಹಲಗೆಯ ಮೇಲೆ ಗುಂಡುಗಳ ಅತಿ ಸಣ್ಣ ಗುಂಪುಗಳಿಗಾಗಿಯೇ ನಡೆಯುವ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ ಬಹುತೇಕರು ಕುತ್ತಿಗೆ ಡೈ ಬಿಟ್ಟು ಈ ಪದ್ಧತಿಗೆ ಬಂದಿರುವುದು ಇದೇ ಕಾರಣಕ್ಕೆ.

ಇನ್ನು ಕುತ್ತಿಗೆ. ಸಾದಾ ಡೈ ಕುತ್ತಿಗೆಯನ್ನು ಮೊದಲು ಬೇಕಾದದ್ದಕ್ಕಿಂತ ಹೆಚ್ಚು ಹಿಸುಕುತ್ತದೆ. ಆಮೇಲೆ ಕೇಸು ಕೆಳಗಿಳಿಯುವಾಗ ಒಂದು ಉಕ್ಕಿನ ಗುಂಡಿ ಒಳಗಿನಿಂದ ಹಾದು ಅದನ್ನು ಅಗಲಿಸುತ್ತದೆ. ಒಂದೇ ಲೋಹಕ್ಕೆ ಎರಡು ಸಲ ಕೆಲಸ. ಕುತ್ತಿಗೆಯ ಒಳಗೆ ಎಣ್ಣೆ ಇಲ್ಲದಿದ್ದರೆ ಗುಂಡಿ ಕಿರಗುಟ್ಟುತ್ತ ಕುತ್ತಿಗೆಯನ್ನು ವಾಲಿಸಿಯೂ ಬಿಡಬಹುದು. ಇದಕ್ಕೆ ಪರಿಹಾರವಾಗಿ ಬಂದದ್ದು ಬುಶ್ ಬದಲಿಸುವ ಡೈ. ಒಂದೊಂದು ಥೌ ವ್ಯತ್ಯಾಸದ ಉಂಗುರಗಳು ಸಿಗುತ್ತವೆ. ಗುಂಡು ಕೂರಿಸಿದ ಕಾಡತೂಸಿನ ಕುತ್ತಿಗೆಯ ಹೊರವ್ಯಾಸ 0.336 ಇಂಚು ಇದ್ದರೆ, ಸುಮಾರು ಎರಡು ಥೌ ಕಡಿಮೆಯ, ಅಂದರೆ 0.334ರ ಉಂಗುರ ಹಾಕಿದರೆ ಹಿಡಿತ ಸರಿಯಾಗಿರುತ್ತದೆ. ಇಲ್ಲಿಯವರೆಗೆ ಬುಶ್ ಡೈಯದೇ ಗೆಲುವು. ಆದರೆ ಅದು ಹೊರಮೈಯನ್ನು ಮಾತ್ರ ನಿಗದಿ ಮಾಡುತ್ತದೆ. ಕೇಸಿನ ಕುತ್ತಿಗೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಆ ದೋಷವೆಲ್ಲ ಒಳಕ್ಕೆ, ಗುಂಡು ಕೂರುವ ಜಾಗಕ್ಕೇ ಸರಿಯುತ್ತದೆ. ಅಂಥ ಕೇಸಿಗೆ ಒಳಗಿನಿಂದ ಅಗಲಿಸುವ ಹಳೆಯ ಕ್ರಮವೇ ಮೇಲು, ಇಲ್ಲವೆ ಕುತ್ತಿಗೆಯನ್ನು ಮೊದಲೇ ತುರಿದು ಸಮ ಮಾಡಬೇಕು. ಬುಶ್ ಡೈ ಒಳ್ಳೆಯದೋ ಸಾದಾ ಡೈ ಒಳ್ಳೆಯದೋ ಎಂಬ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರವಿಲ್ಲ. ಕುತ್ತಿಗೆಯ ಗೋಡೆಗೆ ಮೈಕ್ರೋಮೀಟರ್ ಹಿಡಿದಾಗ ಉತ್ತರ ತಾನಾಗಿ ಬರುತ್ತದೆ. ಗುಂಡು ಕೂರಿಸುವ ಡೈಯ ಕತೆಯೂ ಇದೇ. ಅದರ ತಲೆಯ ಮೇಲಿನ ಮೈಕ್ರೋಮೀಟರ್ ಹಳೆಯ ಸೆಟ್ಟಿಂಗಿಗೆ ಬೇಗ ಮರಳಲು ಅನುಕೂಲ. ವಾಲಿದ ಕುತ್ತಿಗೆಯನ್ನು ಅದು ನೆಟ್ಟಗೆ ಮಾಡಲಾರದು.

ಹಿತ್ತಾಳೆಗೆ ಯಾಕೆ ಇಷ್ಟು ಉಪಚಾರ ಎಂದರೆ, ಅದಕ್ಕೆ ನೆನಪಿದೆ. ಕಾಡತೂಸಿನ ಹಿತ್ತಾಳೆಯಲ್ಲಿ ಸುಮಾರು ಶೇ 70 ತಾಮ್ರ, ಶೇ 30 ಸತು. ಬಗ್ಗಿಸಿದಷ್ಟೂ, ಹಿಸುಕಿದಷ್ಟೂ ಅದು ಗಡಸಾಗುತ್ತದೆ, ಒಳಗೆ ಬಿಗಿತ ಉಳಿಸಿಕೊಳ್ಳುತ್ತದೆ. ಈ ಬಿಗಿತದ ಬೆಲೆ ಲೋಹಶಾಸ್ತ್ರಕ್ಕೆ ಮೊದಲು ಸ್ಪಷ್ಟವಾಗಿ ಗೊತ್ತಾದದ್ದು ನಮ್ಮ ದೇಶದ ಮಳೆಗಾಲದಿಂದಲೇ. ಬ್ರಿಟಿಷ್ ಸೇನೆ ಭಾರತದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಕಾಡತೂಸುಗಳು ಮಳೆಗಾಲದಲ್ಲಿ ಯಾರೂ ಮುಟ್ಟದೆಯೇ ಭುಜ, ಕುತ್ತಿಗೆಗಳ ಬಳಿ ಬಿರುಕು ಬಿಡುತ್ತಿದ್ದವು. ಲಾಯದ ಕುದುರೆ ಗಂಜಳದಿಂದ ಏಳುವ ಅಮೋನಿಯ, ತೇವದ ಗಾಳಿ, ಒತ್ತಿ ಆಕಾರ ಕೊಟ್ಟಾಗ ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಸೇರಿದಾಗ ಬಿರುಕು ಹುಟ್ಟುತ್ತದೆ ಎಂದು 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿವರಿಸಿದರು. ಪರಿಹಾರ ಸರಳವಾಗಿತ್ತು: ಕೇಸನ್ನು ಹದವಾಗಿ ಕಾಯಿಸಿ ಬಿಗಿತ ಇಳಿಸುವುದು. ಇವತ್ತೂ ಒಳ್ಳೆಯ ರೈಫಲ್ ಕೇಸಿನ ಕುತ್ತಿಗೆ, ಭುಜಗಳ ಮೇಲೆ ಕಾಣುವ ನೀಲಿ-ಕಂದು ಛಾಯೆ ಆ ಕಾಯಿಸುವಿಕೆಯ ಗುರುತು. ಡೈಯಿಂದ ಸುಮ್ಮನೆ ಹೆಚ್ಚು ಹಿಸುಕಿದಾಗಲೆಲ್ಲ ಕಳೆದುಕೊಳ್ಳುವುದು ಈ ಹದವನ್ನೇ. ಗಡಸಾದ ಕುತ್ತಿಗೆ ಒತ್ತಿ ಬಿಟ್ಟ ಮೇಲೆ ಹೆಚ್ಚು ಹಿಂದಕ್ಕೆ ಬರುತ್ತದೆ, ಮೆತ್ತಗಿನದು ಕಡಿಮೆ. ಒಂದೇ ಡೈ, ಒಂದೇ ಉಂಗುರ, ಆದರೂ ಗುಂಡಿನ ಹಿಡಿತ ಬೇರೆ ಬೇರೆ.

ಕಲ್ಯಾಣ್ ದಾಟಿ ಕರ್ಜತ್ ಕಡೆಗೆ ಹೋಗುವ ಲೋಕಲ್ಲಿನಲ್ಲಿ ಉಲ್ಲಾಸನಗರದ ನಂತರ ಸಿಗುವ ಅಂಬರನಾಥದಲ್ಲಿ 1950ರ ದಶಕದಿಂದ ಆರ್ಡ್‌ನೆನ್ಸ್ ಫ್ಯಾಕ್ಟರಿ ಇದೆ. ಕಬ್ಬಿಣೇತರ ಲೋಹಗಳ ಕೆಲಸಕ್ಕೆ ಹೆಸರಾದ ಈ ಕಾರ್ಖಾನೆ 2021ರ ಅಕ್ಟೋಬರಿನಿಂದ ಯಂತ್ರ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ. ಕಬ್ಬಿಣೇತರ ಲೋಹಗಳಲ್ಲಿ ಹಿತ್ತಾಳೆಯೂ ಒಂದು; ಯಾವ ದೇಶದಲ್ಲೇ ಆಗಲಿ, ಅದರಿಂದ ಕಾಡತೂಸಿನ ಕೇಸು ಹುಟ್ಟುವುದೂ ಡೈಯಲ್ಲೇ. ಹಿತ್ತಾಳೆ ಹಾಳೆಯಿಂದ ಬಿಲ್ಲೆ, ಬಿಲ್ಲೆಯಿಂದ ಬಟ್ಟಲು, ಬಟ್ಟಲನ್ನು ಪಂಚಿನಿಂದ ಒಂದಾದ ಮೇಲೊಂದು ಸಪೂರ ಡೈಯ ಮೂಲಕ ಎಳೆದು ಕೊಳವೆ, ನಡುನಡುವೆ ಕಾಯಿಸಿ ಮೆತ್ತಗೆ ಮಾಡುವುದು. ಒಂದೇ ಎಳೆತಕ್ಕೆ ಪೂರ್ತಿ ಉದ್ದ ಬರಿಸಲು ಹೋದರೆ ಬುಡ ಹರಿಯುತ್ತದೆ. 1962ರಲ್ಲಿ ಎಂಐಡಿಸಿ ಹುಟ್ಟಿದಾಗ ಅದರ ಮೊದಲ ವಸಾಹತು ಆದ ವಾಗ್ಳೆ ಎಸ್ಟೇಟಿನಿಂದ ಹಿಡಿದು ಈ ಇಡೀ ಪಟ್ಟಿಯ ಟೂಲ್‌ರೂಮುಗಳು ಬೇರೆ ಬೇರೆ ಮಾಲಿಗೆ ಇದೇ ವಿದ್ಯೆಯನ್ನು ಬಳಸುತ್ತ ಬಂದಿವೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಂಥ ಸಂಸ್ಥೆಗಳು ಹುಡುಗರಿಗೆ ಕಲಿಸುವುದೂ ಇದನ್ನೇ: ಮೊದಲ ಪೀಸು ತೆಗೆ, ಅಳೆ, ಡ್ರಾಯಿಂಗಿಗೆ ಹೋಲಿಸು, ಆಮೇಲೆ ಡೈ ತಿದ್ದು. ಪೀಸು ಅಳತೆಗೆ ಬರದಿದ್ದರೆ ಅನುಭವಿ ಫಿಟ್ಟರ್ ಡೈಯನ್ನು ಬಯ್ಯುವ ಮೊದಲು ಹಾಳೆಯ ಲಾಟು ಬದಲಾಗಿದೆಯೇ ನೋಡುತ್ತಾನೆ, ಯಾಕೆಂದರೆ ಹಾಳೆಯ ಗಡಸು ಬದಲಾದರೆ ಬಿಟ್ಟ ಮೇಲೆ ಹಿಂದಕ್ಕೆ ಬರುವ ಪ್ರಮಾಣವೂ ಬದಲಾಗುತ್ತದೆ. ಶೂಟಿಂಗ್‌ನಲ್ಲಿ ಬೇರೆ ಬೇರೆ ಕಂಪನಿಯ, ಬೇರೆ ಬೇರೆ ಸಲ ಹಾರಿಸಿದ ಕೇಸುಗಳನ್ನು ಒಂದೇ ಡಬ್ಬದಲ್ಲಿ ಬೆರೆಸಿ, ಆಮೇಲೆ ದುಬಾರಿ ಡೈ ತಂದು ಸಮಾನತೆ ಹುಡುಕುವುದು ಈ ಫಿಟ್ಟರ್‌ಗೆ ನಗೆಪಾಟಲಾಗಿ ಕಂಡೀತು.

ಇಷ್ಟೆಲ್ಲ ಸರಿ, ಭಾರತದಲ್ಲಿ ಇದು ಯಾರಿಗೆ ಬೇಕು ಎಂಬ ಆಕ್ಷೇಪ ಬಲವಾದದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡಿನ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಸಾಮಗ್ರಿಯನ್ನೂ ಸೇರಿಸಿದೆ. ತಯಾರಿಕೆಗೆ, ಮಾರಾಟಕ್ಕೆ ಪರವಾನಗಿ ಬೇಕೆಂದು ಐದನೆಯ ಕಲಮು ಹೇಳುತ್ತದೆ. ಅಮೆರಿಕದಲ್ಲಿ ಹಾರ್ಡ್‌ವೇರ್ ಸಾಮಾನಿನಂತೆ ಕೌಂಟರಿನ ಮೇಲೆ ಸಿಗುವ ಡೈ ಇಲ್ಲಿ ಮೊದಲು ಕಾನೂನಿನ ಪ್ರಶ್ನೆ, ಆಮೇಲೆ ಅಳತೆಯ ಪ್ರಶ್ನೆ. ಪರವಾನಗಿ ಪ್ರಾಧಿಕಾರವನ್ನು ಕೇಳದೆ ಮನೆಯಲ್ಲಿ ಕೈಹಾಕುವ ಕೆಲಸ ಇದಲ್ಲ. ಮೇಲಾಗಿ ದೊಡ್ಡ ಕಾಡತೂಸಿನ 300 ಮೀಟರ್ ರೈಫಲ್ ಸ್ಪರ್ಧೆ 1972ರ ಮ್ಯೂನಿಕ್ ನಂತರ ಒಲಿಂಪಿಕ್ಸ್‌ನಲ್ಲೇ ಇಲ್ಲ. ನಮ್ಮ ಬಹುಪಾಲು ಶೂಟರ್‌ಗಳು ಹಿಡಿಯುವುದು ಹತ್ತು ಮೀಟರಿನ ಏರ್ ರೈಫಲ್ ಅಥವಾ 50 ಮೀಟರಿನ .22. ಏರ್ ರೈಫಲ್ಲಿನ ಪೆಲೆಟ್ಟಿಗೆ ಕೇಸೇ ಇಲ್ಲ. .22ಗೆ ಕೇಸಿದೆ, ಆದರೆ ಹೊತ್ತಿಸುವ ಮದ್ದು ಬುಡದ ಅಂಚಿನ ಮಡಿಕೆಯೊಳಗೆ ಇರುತ್ತದೆ. ಸೂಜಿ ಬಡಿದಾಗ ಆ ಅಂಚು ಜಜ್ಜಿಹೋಗುವುದರಿಂದ ಮತ್ತೆ ತುಂಬುವ ಮಾತೇ ಇಲ್ಲ. ಆದ್ದರಿಂದ ಡೈ ಕೊಳ್ಳುವವರ ಸಂಖ್ಯೆ ಇಲ್ಲಿ ತೀರ ಕಡಿಮೆ ಎಂಬುದನ್ನು ಒಪ್ಪಬೇಕು.

ಒಪ್ಪಿದ ಮೇಲೂ ವಾದ ಬಿದ್ದುಹೋಗುವುದಿಲ್ಲ, ಯಾಕೆಂದರೆ ಡೈ ಆರಿಸುವ ತರ್ಕವೇ ಪೆಲೆಟ್ಟು, .22 ಆರಿಸುವ ತರ್ಕವೂ ಆಗಿದೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಏರ್ ರೈಫಲ್ ಅರ್ಹತಾ ಸುತ್ತಿನ 400ಕ್ಕೆ 400 ಅಂಕ ಪಡೆದು ವಿಶ್ವದಾಖಲೆ ಸರಿಗಟ್ಟಿದವರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನ ಫೈನಲ್ಲಿಗೂ ಏರಿದರು. ನವಿ ಮುಂಬಯಿಗೆ ಹೊಂದಿಕೊಂಡ ಪನ್ವೇಲ್‌ನಲ್ಲಿ ಅವರು ಕಟ್ಟಿದ ಲಕ್ಷ್ಯ ಶೂಟಿಂಗ್ ಕ್ಲಬ್ ಈ ಭಾಗದ ಮಕ್ಕಳಿಗೆ ಗುರಿಯ ಪಾಠಶಾಲೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತದ ಮೊದಲ ಮಹಿಳೆ ಅವನಿ ಲೇಖರಾಗೆ ಕೋಚ್ ಆದ ಸುಮಾ ಅವರಿಗೆ 2022ರ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು. ಅವರ ಆಟದಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿ.ಮೀ.; ಹಾರುವ ಪೆಲೆಟ್ಟಿನ ವ್ಯಾಸ 4.5. ಆ ಪೆಲೆಟ್ಟು ಕೂಡ 4.49, 4.50, 4.51 ಎಂದು ನೂರನೇ ಒಂದು ಮಿ.ಮೀ. ಅಂತರದಲ್ಲಿ ಬೇರೆ ಬೇರೆ ಡಬ್ಬಗಳಲ್ಲಿ ಬರುತ್ತದೆ. ಯಾವುದು ಮೇಲು? ಆ ಬ್ಯಾರಲ್ಲಿಗೆ ಯಾವುದು ಹೊಂದುತ್ತದೋ ಅದು. 50 ಮೀಟರಿನಲ್ಲಿ ಹತ್ತರ ವೃತ್ತ 10.4 ಮಿ.ಮೀ.; ಅಲ್ಲಿ ಎಲೀ, ಲಾಪುವಾದಂಥ ಕಂಪನಿಗಳ .22 ಗುಂಡುಗಳಲ್ಲೇ ಒಂದೊಂದು ಲಾಟು ಒಂದೊಂದು ಬ್ಯಾರಲ್ಲಿಗೆ ಹಿಡಿಸುತ್ತದೆ. ಬ್ಯಾರಲನ್ನು ಕ್ಲ್ಯಾಂಪಿಗೆ ಬಿಗಿದು ಲಾಟಿಂದ ಲಾಟಿಗೆ ಹಾರಿಸಿ ನೋಡಿ, ಹೊಂದಿದ ಲಾಟನ್ನೇ ಒಟ್ಟಿಗೆ ಕೊಳ್ಳುವುದು ಉನ್ನತ ಮಟ್ಟದ ಶೂಟರ್‌ಗಳ ವಾಡಿಕೆ. 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದ ಕೊಲ್ಲಾಪುರದ, ಸೆಂಟ್ರಲ್ ರೈಲ್ವೆ ನೌಕರ ಸ್ವಪ್ನಿಲ್ ಕುಸಾಳೆ ಆಡಿದ್ದು ಇಂಥ ಆಟದಲ್ಲಿ.

ಕೊನೆಯ ಆಕ್ಷೇಪ ಅನುಭವಸ್ಥರದು: ಗೆಲ್ಲಿಸುವುದು ಉಸಿರು, ನಿಲುವು, ಟ್ರಿಗರ್ ಮೇಲಿನ ಬೆರಳು, ಥೌ ಲೆಕ್ಕ ಮಾಡುವುದು ಹವ್ಯಾಸಿಗಳ ಚಟ. ಇದರಲ್ಲಿ ಅರ್ಧ ಸತ್ಯವಿದೆ. 300 ಮೀಟರಿನಲ್ಲಿ ಹತ್ತರ ವೃತ್ತದ ವ್ಯಾಸ 100 ಮಿ.ಮೀ.; ಕೈ ಅಲುಗುವವನಿಗೆ ಯಾವ ಡೈಯೂ ಅದನ್ನು ದೊಡ್ಡದು ಮಾಡಿಕೊಡದು. ಆದರೆ ಈ ಆಕ್ಷೇಪ ನಿಜವಾಗಿ ಹೊಡೆಯುವುದು ದುಬಾರಿ ಡೈಯ ಪರ ವಾದಿಸುವವರನ್ನೇ. ಅವರ ಸಾಕ್ಷ್ಯ ಸಾಮಾನ್ಯವಾಗಿ ಮೂರು ಗುಂಡುಗಳ ಒಂದು ಚಿಕ್ಕ ಗುಂಪು. ಸಂಭವನೀಯತೆಯ ಲೆಕ್ಕ ಹೀಗಿದೆ: ಏನನ್ನೂ ಬದಲಿಸದೆ ಅದೇ ರೈಫಲ್ಲಿನಿಂದ ಮೂರರ ಬದಲು ಐದು ಗುಂಡು ಹಾರಿಸಿದರೆ ಗುಂಪಿನ ಅಗಲ ಸರಾಸರಿ ಕಾಲು ಭಾಗಕ್ಕಿಂತ ಹೆಚ್ಚು ದೊಡ್ಡದಾಗುತ್ತದೆ, ಹತ್ತು ಹಾರಿಸಿದರೆ ಒಂದೂವರೆ ಪಟ್ಟು ಮೀರುತ್ತದೆ. ಮೂರು ಗುಂಡಿನ ಗುಂಪಂತೂ ಒಂದು ಸಲದಿಂದ ಇನ್ನೊಂದು ಸಲಕ್ಕೆ ತಾನಾಗಿಯೇ ಎಷ್ಟೋ ಏರುಪೇರಾಗುತ್ತದೆ. ಹೊಸ ಡೈ ತಂದ ದಿನ ಅದೃಷ್ಟವಶಾತ್ ಚಿಕ್ಕ ಗುಂಪು ಬಿದ್ದರೆ ಹೊಗಳಿಕೆ ಡೈಗೆ ಹೋಗುತ್ತದೆ, ಮಾರನೆಯ ವಾರ ದೊಡ್ಡದಾದರೆ ದೂರು ಗಾಳಿಗೆ. ಹತ್ತಿಪ್ಪತ್ತು ಗುಂಡುಗಳ ಗುಂಪುಗಳನ್ನು ಹಳೆಯ ಡೈಯಿಂದಲೂ ಹೊಸದರಿಂದಲೂ ಹಾರಿಸಿ ಹೋಲಿಸಿದವರಿಗೆ ಮಾತ್ರ ವ್ಯತ್ಯಾಸ ಇದೆ ಅಥವಾ ಇಲ್ಲ ಎನ್ನುವ ಹಕ್ಕು.

ಆದ್ದರಿಂದ ಖರ್ಚಿನ ಕ್ರಮ ಹೀಗಿರಬೇಕು. ಕಾನೂನಿನ ಅನುಮತಿ ಇದ್ದವರ ಮೊದಲ ದುಡ್ಡು ವರ್ನಿಯರ್, ಭುಜದ ಗೇಜು, ಕುತ್ತಿಗೆಯ ಗೋಡೆ ಅಳೆಯುವ ಮೈಕ್ರೋಮೀಟರಿಗೆ ಹೋಗಲಿ. ಎರಡನೆಯದು ಒಂದೇ ಲಾಟಿನ ಒಳ್ಳೆಯ ಕೇಸುಗಳಿಗೆ, ಅವುಗಳನ್ನು ಹದವಾಗಿ ಕಾಯಿಸುವುದಕ್ಕೆ. ಮೂರನೆಯದು ಮೈಯನ್ನೂ ಭುಜವನ್ನೂ ಒತ್ತುವ ಒಂದು ಸಾದಾ, ಚೊಕ್ಕ ಡೈಗೆ. ಬುಶ್ ಬೇಕೇ, ಗುಂಡು ಕೂರಿಸಲು ಮೈಕ್ರೋಮೀಟರ್ ತಲೆಯ ಡೈ ಬೇಕೇ ಎಂಬುದನ್ನು ಮೊದಲೆರಡು ಖರ್ಚು ಕೊಟ್ಟ ಅಂಕಿಗಳೇ ಹೇಳುತ್ತವೆ. ಎಷ್ಟೋ ಸಲ ಬೇಡ ಎನ್ನುತ್ತವೆ. ಪೆಲೆಟ್ಟು, .22 ಹಾರಿಸುವ ಮಗುವಿನ ತಂದೆತಾಯಿಗೂ ಇದೇ ಕ್ರಮ: ದುಬಾರಿ ಡಬ್ಬ ಕೊಳ್ಳುವ ಮೊದಲು ನಾಲ್ಕು ಬಗೆಯ ಡಬ್ಬಗಳನ್ನು ಅದೇ ಬ್ಯಾರಲ್ಲಿನಲ್ಲಿ ಪರೀಕ್ಷಿಸಿ. ಸಲಕರಣೆ ಬದಲಿಸಿದ್ದರಿಂದಲೇ ಗುಂಪು ಚಿಕ್ಕದಾಯಿತು ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಪ್ರಶ್ನೆ ಎರಡೇ: ಎಷ್ಟು ಗುಂಡು ಹಾರಿಸಿದಿರಿ, ಬದಲಿಸುವ ಮೊದಲು ಏನನ್ನು ಅಳೆದಿದ್ದಿರಿ?